ಮುಂದಿನ ರೈಡ್ ಯಾವಾಗ?

ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 1:6-11, ಯೆರೆಮೀಯ 28 ಮತ್ತು 29ನೇ ಅಧ್ಯಾಯಗಳು

ಹಲ್ಲೆಲೂಯ! ಎಲ್ಲರೂ ಕೂತ್ಕೊಳ್ಳಿ. ಸತ್ಯವೇದ ಮುಚ್ಚಬೇಡಿ, ಕೃತ್ಯಗಳು 1ನೇ ಅಧ್ಯಾಯದಲ್ಲೇ ಬೆರಳಿಟ್ಟುಕೊಂಡಿರಿ. ಮೊಬೈಲ್‌ನಲ್ಲಿ ಓದ್ತಿರೋರು ಆ ಪುಟ ಬಿಟ್ಟು ಬೇರೆ ಕಡೆ ಹೋಗಬೇಡಿ.

ಈಗ ಓದಿದ ಭಾಗದಲ್ಲಿ ಏನಾಗ್ತಿದೆ ನೋಡಿ. ಯೇಸು ಸತ್ತವರೊಳಗಿಂದ ಎದ್ದಿದ್ದಾನೆ. 40 ದಿನ ಶಿಷ್ಯರಿಗೆ ಕಾಣಿಸಿಕೊಂಡು ದೇವರ ರಾಜ್ಯದ ವಿಷಯ ಮಾತಾಡಿದ್ದಾನೆ. ಇನ್ನೇನು ಪರಲೋಕಕ್ಕೆ ಏರಿ ಹೋಗುವ ಹೊತ್ತು. ಆಗ ಶಿಷ್ಯರು ಕೇಳಿದ್ದು ಒಂದೇ. ಇಸ್ರಾಯೇಲಿಗೆ ರಾಜ್ಯ ತಿರುಗಿ ಬರೋದು ಈಗಲೇನಾ ಅಂತ. ಅಂದ್ರೆ, ಸ್ವಾಮಿ, ಡೇಟ್ ಹೇಳಿಬಿಡು ಅಂತ!

ಈ ಪ್ರಶ್ನೆ ಅರ್ಥ ಆಗಬೇಕಾದ್ರೆ ಇವತ್ತು ನಿಮ್ಮನ್ನ ಸ್ವಲ್ಪ ದೂರ ಕರ್ಕೊಂಡು ಹೋಗ್ತೀನಿ, ಅಮೆರಿಕದ ಒಹಾಯೊ ರಾಜ್ಯಕ್ಕೆ. ಇದೇ ಪ್ರಶ್ನೆಯನ್ನ ವರ್ಷವಿಡೀ ಕೇಳುವ ಜನ ಅಲ್ಲಿದ್ದಾರೆ. ರೋಲರ್ ಕೋಸ್ಟರ್ ಹುಚ್ಚು ಹಿಡಿದವರು. ನಗಬೇಡಿ, ಅವರಿಂದ ನಾವು ಕಲಿಯೋದು ತುಂಬಾ ಇದೆ.

ನಮಗೆ ರೋಲರ್ ಕೋಸ್ಟರ್ ಅಂದ್ರೆ ಬಿಡದಿ ಹತ್ರ ಇರೋ ವಂಡರ್‌ಲಾ. ಫ್ರೆಂಡ್ಸ್ ಜೊತೆ ಹೋಗ್ತೀವಿ, ಒಂದು ದಿನ ಕಿರುಚಾಡಿ, ನೀರಲ್ಲಿ ನೆಂದು, ಸಂಜೆ ಮೈಸೂರು ರೋಡ್ ಟ್ರಾಫಿಕ್ಕಿನಲ್ಲಿ ವಾಪಸ್. ಅಲ್ಲಿಗೆ ಮುಗೀತು. ಆದರೆ ಅಮೆರಿಕದಲ್ಲಿ ಇದಕ್ಕೇ ಅಂತ 1978ರಿಂದ ಒಂದು ಸಂಘ ಇದೆ, ಅಮೆರಿಕನ್ ಕೋಸ್ಟರ್ ಎಂಥೂಸಿಯಾಸ್ಟ್ಸ್ ಅಂತ. ಆ ಜನ ತಾವು ಇದುವರೆಗೆ ಎಷ್ಟು ಕೋಸ್ಟರ್ ಹತ್ತಿದ್ದೀವಿ ಅಂತ ಲೆಕ್ಕ ಇಡ್ತಾರೆ. ಅದಕ್ಕಿಂತ ದೊಡ್ಡ ಖುಷಿ ಅವರಿಗೆ ಯಾವುದು ಗೊತ್ತಾ? ಮುಂದೆ ಏನು ಕಟ್ತಾರೆ ಅಂತ ಊಹೆ ಮಾಡೋದು.

ಒಹಾಯೊದಲ್ಲಿ ಎರಿ ಸರೋವರದ ದಡದ ಸ್ಯಾಂಡಸ್ಕಿ ಊರಲ್ಲಿ ಸೀಡರ್ ಪಾಯಿಂಟ್ ಅನ್ನೋ ಪಾರ್ಕ್ ಇದೆ. ಚಳಿಗಾಲ ಪೂರ್ತಿ ಪಾರ್ಕ್ ಮುಚ್ಚಿರುತ್ತೆ. ಆದರೆ ಅಭಿಮಾನಿಗಳ ಕಣ್ಣು ಮುಚ್ಚಿರಲ್ಲ. ನೆಲದಲ್ಲಿ ಸರ್ವೆಯ ಗೂಟ ಹೊಡೆದಿದ್ದಾರಾ? ಕಾಂಕ್ರೀಟ್ ಪಾಯ ಹಾಕ್ತಿದ್ದಾರಾ? ಊರಿನ ಆಫೀಸಿಗೆ ಪ್ಲಾನ್ ಕೊಟ್ಟಿದ್ದಾರಾ? ಹೊಸ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದಾರಾ? ಅಲ್ಲಿ 200 ಅಡಿಗಿಂತ ಎತ್ತರ ಏನೇ ಕಟ್ಟಬೇಕಾದ್ರೂ ವಿಮಾನಯಾನ ಇಲಾಖೆಗೆ ಮೊದಲೇ ತಿಳಿಸಬೇಕು. ಆ ಕಾಗದವನ್ನೂ ಇವರು ಹುಡುಕಿ ಓದ್ತಾರೆ. ಲಾರಿಯಲ್ಲಿ ಒಂದು ತುಂಡು ಹಳಿ ಬಂದು ಬಿದ್ದರೆ ಸಾಕು, ಅದರ ಆಕಾರ ನೋಡೇ ಇದು ಯಾವ ಕಂಪನಿಯದು ಅಂತ ಹೇಳಿಬಿಡ್ತಾರೆ.

ಒಂದು ನಿಜವಾದ ಉದಾಹರಣೆ ಕೊಡ್ತೀನಿ. ಆ ಪಾರ್ಕಿನಲ್ಲಿ ಮೀನ್ ಸ್ಟ್ರೀಕ್ ಅಂತ ಮರದ ಕೋಸ್ಟರ್ ಇತ್ತು. 1991ರಲ್ಲಿ ಶುರುವಾಗಿದ್ದು, 161 ಅಡಿ ಎತ್ತರ. ಆದರೆ ವರ್ಷ ಕಳೆದ ಹಾಗೆ ಅದು ಮೈ ಕೈ ಕುಲುಕಿ ನೋವು ಮಾಡುವ ರೈಡ್ ಅಂತ ಹೆಸರಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಅದನ್ನ ನಿಲ್ಲಿಸಿದರು. ಮುಂದೇನು ಅಂತ ಪಾರ್ಕ್ ಬಾಯಿ ಬಿಡಲಿಲ್ಲ. ಅಭಿಮಾನಿಗಳು ಒಂದು ಗಮನಿಸಿದರು. ನಿಲ್ಲಿಸಿದ್ದಾರೆ, ಆದರೆ ಪೂರ್ತಿ ಕೆಡವುತ್ತಿಲ್ಲ. ಮರದ ಚೌಕಟ್ಟು ಹಾಗೇ ನಿಂತಿದೆ, ಆಮೇಲೆ ಸ್ಟೀಲ್ ಹಳಿ ಬರ್ತಿದೆ. ಹಾಗಾದ್ರೆ ಹಳೆ ಮರದ ಮೇಲೆ ಹೊಸ ಹಳಿ ಹಾಕ್ತಾರೆ ಅಂತ ಊಹಿಸಿದರು. ಊಹೆ ಸರಿಯಾಗಿತ್ತು. 2017ರ ಆಗಸ್ಟ್‌ನಲ್ಲಿ ಪಾರ್ಕ್ ಘೋಷಣೆ ಮಾಡಿತು, 2018ರ ಮೇ ತಿಂಗಳಲ್ಲಿ ಸ್ಟೀಲ್ ವೆಂಜನ್ಸ್ ಅನ್ನೋ ಹೆಸರಲ್ಲಿ, 205 ಅಡಿ ಎತ್ತರದಲ್ಲಿ ಅದು ಓಡಿತು.

ಈಗ ಮೂರು ವಿಷಯ ಹೇಳ್ತೀನಿ. ಬರ್ಕೊಳ್ಳೋರು ಬರ್ಕೊಳ್ಳಿ.

ಮೊದಲನೆಯದು, ಊಹೆ ಬೇರೆ, ವಾಗ್ದಾನ ಬೇರೆ.

ಆ ಅಭಿಮಾನಿಗಳಲ್ಲಿ ಪ್ರಾಮಾಣಿಕರು ಒಂದು ಶಿಸ್ತು ಇಟ್ಕೊಂಡಿರ್ತಾರೆ. ಇದು ನನ್ನ ಊಹೆ, ಇದು ನಾನು ಕಣ್ಣಾರೆ ಕಂಡಿದ್ದು, ಇದು ಪಾರ್ಕ್ ತಾನೇ ಹೇಳಿದ್ದು. ಈ ಮೂರನ್ನೂ ಬೆರೆಸಲ್ಲ. ಮೀನ್ ಸ್ಟ್ರೀಕ್ ವಿಷಯದಲ್ಲಿ ಊಹೆ ನೂರಕ್ಕೆ ನೂರು ಸರಿ ಇದ್ದರೂ, ಮಾಲೀಕರು ಬಾಯಿ ಬಿಟ್ಟು ಹೇಳುವ ತನಕ ಅದು ಊಹೆಯೇ. ನಮ್ಮ ಆತ್ಮೀಕ ಜೀವನದಲ್ಲಿ ಈ ಶಿಸ್ತು ಇದೆಯಾ?

ಪ್ರಿಯರೇ, ನಾವು ಪವಿತ್ರಾತ್ಮನ ವರಗಳನ್ನ ನಂಬುವ ಸಭೆ. ಪ್ರವಾದನೆಯನ್ನ ನಾನು ತಳ್ಳಿಹಾಕ್ತಿಲ್ಲ. ಆದರೆ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ, ಪ್ರವಾದನೆಯನ್ನ ಹೀನಾಯ ಮಾಡಬೇಡಿ ಅಂದ ಕೂಡಲೇ, ಎಲ್ಲವನ್ನೂ ಪರೀಕ್ಷೆ ಮಾಡಿ ಅಂತಾನೂ ಹೇಳಿದ್ದಾನೆ. ನಾವು ಮೊದಲ ಅರ್ಧಕ್ಕೆ ಆಮೆನ್ ಅಂತೀವಿ, ಎರಡನೇ ಅರ್ಧಕ್ಕೆ ಸುಮ್ಮನಾಗ್ತೀವಿ. ಯಾರೋ ತಲೆ ಮೇಲೆ ಕೈಯಿಟ್ಟು ಮೂರು ತಿಂಗಳಲ್ಲಿ ವೀಸಾ ಅಂದ್ರು, ಈ ವರ್ಷ ಮದುವೆ ಅಂದ್ರು. ತಕ್ಷಣ ಇರೋ ಕೆಲಸಕ್ಕೆ ರಾಜೀನಾಮೆ, ಸಾಲ ಮಾಡಿ ಶಾಪಿಂಗ್. ನಾಲ್ಕನೇ ತಿಂಗಳು ಏನಾಗುತ್ತೆ? ಹೇಳಿದವರು ಬೇರೆ ಊರಿನ ಕೂಟದಲ್ಲಿರ್ತಾರೆ, ಕೇಳಿಸಿಕೊಂಡವರು ದೇವರ ಮೇಲೆ ಮುನಿಸಿಕೊಂಡು ಸಭೆ ಬಿಟ್ಟಿರ್ತಾರೆ. ದೇವರು ಹೇಳದೇ ಇರೋ ಮಾತಿಗೆ ದೇವರು ಲೆಕ್ಕ ಕೊಡಬೇಕಾ?

ಯೆರೆಮೀಯ 28ನೇ ಅಧ್ಯಾಯಕ್ಕೆ ಬನ್ನಿ. ಹನನ್ಯ ಅಂತ ಒಬ್ಬ ಪ್ರವಾದಿ. ದೇವಾಲಯದಲ್ಲಿ, ಎಲ್ಲರ ಎದುರಿಗೆ, ಎರಡೇ ವರ್ಷದಲ್ಲಿ ಬಾಬೆಲಿನ ನೊಗ ಮುರಿಯುತ್ತೆ, ಸೆರೆಹೋದವರೆಲ್ಲಾ ವಾಪಸ್ ಬರ್ತಾರೆ ಅಂದ. ಯೆರೆಮೀಯನ ಕುತ್ತಿಗೆ ಮೇಲಿದ್ದ ನೊಗವನ್ನ ಕಿತ್ತು ಮುರಿದೂ ತೋರಿಸಿದ. ಯಾರಿಗೆ ಬೇಡ ಇಂಥ ಸಂದೇಶ? ಯೆರೆಮೀಯ ಹೇಳಿದ್ದು 70 ವರ್ಷ. ಅದನ್ನ ಯಾರು ಶೇರ್ ಮಾಡ್ತಾರೆ? ಆದರೆ ನಿಂತಿದ್ದು ಯಾವ ಮಾತು? ಹನನ್ಯ ಅದೇ ವರ್ಷ ಏಳನೇ ತಿಂಗಳಲ್ಲಿ ಸತ್ತ. ಕೇಳೋಕೆ ಸಿಹಿಯಾಗಿದೆ ಅನ್ನೋ ಕಾರಣಕ್ಕೆ ಒಂದು ಮಾತು ದೇವರ ಮಾತಾಗಲ್ಲ. ಪಕ್ಕದಲ್ಲಿ ಇರೋರಿಗೆ ಹೇಳಿ, ಊಹೆ ಬೇರೆ, ವಾಗ್ದಾನ ಬೇರೆ.

ಎರಡನೆಯದು, ಮಾಲೀಕನ ಘೋಷಣೆಯೂ ತಪ್ಪಬಹುದು, ದೇವರ ಮಾತು ತಪ್ಪಲ್ಲ.

ಅದೇ ಸೀಡರ್ ಪಾಯಿಂಟಿನಲ್ಲಿ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಇತ್ತು. 2003ರದ್ದು. 420 ಅಡಿ ಎತ್ತರ, ಗಂಟೆಗೆ 120 ಮೈಲಿ ವೇಗ. 2021ರ ಆಗಸ್ಟ್‌ನಲ್ಲಿ ರೈಲಿನಿಂದ ಒಂದು ಲೋಹದ ತುಂಡು ಹಾರಿ, ಕ್ಯೂನಲ್ಲಿ ನಿಂತಿದ್ದ ಒಬ್ಬ ಮಹಿಳೆಗೆ ತೀವ್ರ ಗಾಯವಾಯಿತು. ರೈಡ್ ನಿಂತಿತು. ಅಭಿಮಾನಿಗಳು ಎರಡು ವರ್ಷ ಊಹೆ ಮಾಡಿದರು. 2023ರಲ್ಲಿ ಪಾರ್ಕ್ ತಾನೇ ಘೋಷಣೆ ಮಾಡಿತು, ಟಾಪ್ ಥ್ರಿಲ್ 2 ಬರುತ್ತೆ ಅಂತ. ಇದು ಗಾಳಿಸುದ್ದಿ ಅಲ್ಲ, ಅಧಿಕೃತ. 2024ರ ಮೇ ತಿಂಗಳಲ್ಲಿ ಓಡಿತೂ ಕೂಡ. ಎಷ್ಟು ದಿನ? ಸುಮಾರು ಒಂದು ವಾರ. ಆಮೇಲೆ ಮುಚ್ಚಿದ್ದು ಆ ಸೀಸನ್ ಪೂರ್ತಿ ತೆರೆಯಲಿಲ್ಲ. ಮತ್ತೆ ಜನರನ್ನ ಹತ್ತಿಸಿಕೊಂಡಿದ್ದು 2025ರಲ್ಲಿ. ಎಷ್ಟೋ ಜನ ರಜೆ ಹಾಕಿ, ಟಿಕೆಟ್ ಮಾಡಿಸಿ, ದೂರದೂರದಿಂದ ಆ ವರ್ಷ ಹೋಗಿದ್ದರು.

ಅದೇ ರಾಜ್ಯದ ಕಿಂಗ್ಸ್ ಐಲ್ಯಾಂಡ್ ಪಾರ್ಕ್ 2019ರಲ್ಲಿ ಒರಾಯನ್ ಅನ್ನೋ ಕೋಸ್ಟರ್ ಘೋಷಿಸಿತು. 2020ರ ವಸಂತಕಾಲದಲ್ಲಿ ತೆರೆಯಬೇಕಿತ್ತು. ಕೋವಿಡ್ ಬಂತು. ಜುಲೈ ತನಕ ಗೇಟೇ ತೆರೆಯಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಮನುಷ್ಯನ ಕೈಯಲ್ಲಿ ನಾಳೆ ಇಲ್ಲ. ಕಂಪನಿಯ ಆಫರ್ ಲೆಟರ್ ಕೂಡ ಹಾಗೇ ಅಲ್ವಾ? ಜಾಯ್ನಿಂಗ್ ಡೇಟ್ ಮುಂದಕ್ಕೆ ಮುಂದಕ್ಕೆ ಹೋಗಿ ಕಣ್ಣೀರು ಹಾಕಿದವರು ಇಲ್ಲೇ ಕೂತಿದ್ದೀರಿ.

ಯೇಸು ಶಿಷ್ಯರಿಗೆ ಡೇಟ್ ಕೊಡಲಿಲ್ಲ. ಕಾಲ, ಸಮಯ ಎಲ್ಲಾ ತಂದೆ ತನ್ನ ಅಧಿಕಾರದಲ್ಲಿ ಇಟ್ಕೊಂಡಿದ್ದಾನೆ, ಅದನ್ನ ತಿಳಿಯೋದು ನಿಮ್ಮ ಕೆಲಸ ಅಲ್ಲ ಅಂದ. ಅಷ್ಟೇ ಹೇಳಿ ಬಿಟ್ಟನಾ? ಇಲ್ಲ. ಪವಿತ್ರಾತ್ಮ ನಿಮ್ಮ ಮೇಲೆ ಬರುವಾಗ ನಿಮಗೆ ಬಲ ಬರುತ್ತೆ, ನೀವು ನನಗೆ ಸಾಕ್ಷಿಗಳಾಗ್ತೀರಿ ಅಂದ. ಅವರು ಕೇಳಿದ್ದು ಕ್ಯಾಲೆಂಡರ್, ಆತ ಕೊಟ್ಟಿದ್ದು ತನ್ನ ಆತ್ಮ. ಯಾವುದು ದೊಡ್ಡದು? ಆ ಮಾತು ತಪ್ಪಿತಾ? ಪಂಚಾಶತ್ತಮ ದಿನ ಬಂತು, ಮನೆಯೆಲ್ಲಾ ತುಂಬಿತು, ಹಲ್ಲೆಲೂಯ! ಡೇಟ್ ಗೊತ್ತಿಲ್ಲದೇ ಪ್ರಾರ್ಥನೆಯಲ್ಲಿ ಕಾದವರಿಗೇ ಅದು ಸಿಕ್ಕಿತು.

ಮೂರನೆಯದು, ಇವತ್ತು ತೆರೆದಿರುವ ರೈಡ್ ಬಿಡಬೇಡಿ.

ಸೀಡರ್ ಪಾಯಿಂಟಿನಲ್ಲಿ ಮಿಲೇನಿಯಮ್ ಫೋರ್ಸ್ ಅಂತ 310 ಅಡಿ ಎತ್ತರದ ಕೋಸ್ಟರ್ 2000ದಿಂದ ಇದೆ. ಸ್ವಲ್ಪ ಯೋಚನೆ ಮಾಡಿ, ಅದರ ಪಕ್ಕದಲ್ಲೇ ನಿಂತು, ಬೆನ್ನು ತಿರುಗಿಸಿ, ಬೇಲಿಯ ಸಂದಿಯಿಂದ ಖಾಲಿ ಜಾಗವನ್ನೇ ನೋಡ್ತಾ ದಿನ ಕಳೆಯೋನು ಹೇಗಿರ್ತಾನೆ? ಪಾರ್ಕ್ ಮುಚ್ಚೋ ಹೊತ್ತಾಯಿತು, ಒಂದೂ ರೈಡ್ ಹತ್ತಿಲ್ಲ. ಶಿಷ್ಯರೂ ಹಾಗೇ ಆಕಾಶ ನೋಡ್ತಾ ನಿಂತುಬಿಟ್ಟರು. ಬಿಳೀ ಬಟ್ಟೆಯ ಇಬ್ಬರು ಬಂದು, ಯಾಕ್ರಪ್ಪಾ ಮೇಲೆ ನೋಡ್ತಾ ನಿಂತಿದ್ದೀರಿ, ಹೋದ ಹಾಗೇ ಆತ ತಿರುಗಿ ಬರ್ತಾನೆ ಅಂತ ಹೇಳಬೇಕಾಯಿತು. ಆಮೇಲೆ ಅವರು ಬೆಟ್ಟ ಇಳಿದು ಯೆರೂಸಲೇಮಿಗೆ ಹೋದರು. ಕಾಯೋದು ಅಂದ್ರೆ ಬೆಟ್ಟದ ಮೇಲೆ ನಿಲ್ಲೋದಲ್ಲ, ಊರಿಗೆ ಇಳಿಯೋದು.

ಬಾಬೆಲಿನಲ್ಲಿ ಸೆರೆ ಇದ್ದವರಿಗೆ ಯೆರೆಮೀಯ ಪತ್ರ ಬರೀತಾನೆ, 29ನೇ ಅಧ್ಯಾಯ. 70 ವರ್ಷ ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲಿ ಕೂತಿರಿ ಅನ್ನಲಿಲ್ಲ. ಮನೆ ಕಟ್ಟಿ, ತೋಟ ಮಾಡಿ, ಅದರ ಹಣ್ಣು ತಿನ್ನಿ, ಮದುವೆ ಆಗಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂದ. ನಾವೆಲ್ಲಾ ಇಷ್ಟಪಟ್ಟು ಸ್ಟೇಟಸ್‌ಗೆ ಹಾಕುವ 11ನೇ ವಚನ ಇದೇ ಅಧ್ಯಾಯದ್ದು. ದೇವರಿಗೆ ನಮ್ಮ ವಿಷಯ ಒಳ್ಳೆಯ ಆಲೋಚನೆ ಇದೆ ಅನ್ನೋದು. ಆದರೆ ಅದರ ಹಿಂದಿನ 10ನೇ ವಚನದಲ್ಲಿ 70 ವರ್ಷ ಇದೆ. ಅದನ್ನ ಯಾರೂ ಹಾಕಲ್ಲ!

ಆನ್‌ಸೈಟ್ ಸಿಕ್ಕಲಿ, ಆಮೇಲೆ ದಶಮಾಂಶ ಕೊಡ್ತೀನಿ. ಮದುವೆ ಆಗಲಿ, ಆಮೇಲೆ ಸೇವೆ ಮಾಡ್ತೀನಿ. ಇದು ಬೇಲಿ ಸಂದಿಯಿಂದ ನೋಡುವ ಬದುಕು. ನಿಮ್ಮ ಪಿ.ಜಿ. ರೂಮಿನಲ್ಲಿ ಅಳ್ತಾ ಮಲಗುವ ರೂಮ್‌ಮೇಟ್ ಇವತ್ತೇ ಇದ್ದಾಳೆ. ಸಂಡೇ ಸ್ಕೂಲಿಗೆ ಟೀಚರ್ ಇವತ್ತೇ ಬೇಕು. ಊರಲ್ಲಿ ಅಮ್ಮ ನಿಮ್ಮ ಫೋನಿಗೆ ಇವತ್ತೇ ಕಾಯ್ತಿದ್ದಾರೆ. ಆ ರೈಡ್ ತೆರೆದಿದೆ, ಕ್ಯೂ ಕೂಡ ಇಲ್ಲ.

ಕೊನೆಯದಾಗಿ, ಇಲ್ಲಿ ಕೆಲವರ ಜೀವನದಲ್ಲಿ ಈಗ ಒಂದು ಖಾಲಿ ಜಾಗ ಇದೆ. ಕೆಲಸ ಹೋಯಿತು. ನಿಶ್ಚಿತಾರ್ಥ ಮುರಿಯಿತು. ಮನೆಯಲ್ಲಿ ಒಬ್ಬರು ತೀರಿಕೊಂಡರು. ಕಿಂಗ್ಸ್ ಐಲ್ಯಾಂಡಿನಲ್ಲಿ ಸನ್ ಆಫ್ ಬೀಸ್ಟ್ ಅನ್ನೋ ದೊಡ್ಡ ಮರದ ಕೋಸ್ಟರ್ 2009ರಲ್ಲಿ ನಿಂತಿತು, 2012ರಲ್ಲಿ ಕೆಡವಿದರು, ಆ ಜಾಗದಲ್ಲಿ ಬ್ಯಾನ್ಶೀ ಬಂದಿದ್ದು 2014ರಲ್ಲಿ. ಮಧ್ಯದ ಐದು ವರ್ಷ ಏನೂ ಓಡಲಿಲ್ಲ.

ನಿಮಗೂ ಅದಕ್ಕಿಂತ ದೊಡ್ಡದು ಬಂದೇ ಬರುತ್ತೆ, ಆಮೆನ್ ಹೇಳಿ ಅಂತ ಈಗ ಕೂಗಿಸೋದು ನನಗೆ ಸುಲಭ. ನಾನು ಹಾಗೆ ಹೇಳಲ್ಲ. ಅದು ಊಹೆ. ಆ ಜಾಗದಲ್ಲಿ ದೇವರು ಏನು ಕಟ್ತಾನೆ, ಯಾವಾಗ ಕಟ್ತಾನೆ, ನನಗೆ ತಿಳಿಸಿಲ್ಲ. ವಾಗ್ದಾನ ಏನಿದೆಯೋ ಅದನ್ನ ಹೇಳ್ತೀನಿ. ಆತ ನಿಮ್ಮನ್ನ ಕೈಬಿಡಲ್ಲ. ಪವಿತ್ರಾತ್ಮ ನಿಮ್ಮೊಂದಿಗೆ ಇದ್ದಾನೆ. ಯೇಸು ತಿರುಗಿ ಬರ್ತಾನೆ. ಈ ಮೂರು ಮಾತಿನ ಮೇಲೆ ನೀವು ಪೂರ್ತಿ ಭಾರ ಹಾಕಿ ನಿಲ್ಲಬಹುದು.

ಒಂದು ಪ್ರಶ್ನೆ ಮನೆಗೆ ತಗೊಂಡು ಹೋಗಿ. ನಾನು ಕಾಯ್ತಿರೋದು ಕರ್ತನಿಗಾಗಿಯೋ, ಆತನು ಕೊಡುವ ಮುಂದಿನ ರೈಡ್‌ಗಾಗಿಯೋ?

ಎಲ್ಲರೂ ಎದ್ದು ನಿಲ್ಲೋಣ. ಆ ಖಾಲಿ ಜಾಗ ಇರೋರು ಕೈ ಎತ್ತಿ, ನಾಚ್ಕೋಬೇಡಿ. ಪಕ್ಕದಲ್ಲಿ ಇರೋರು ಅವರ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಡೇಟ್ ಮಾತ್ರ ಹೇಳಬೇಡಿ.

ತಂದೆಯೇ, ಕಾಲ ಸಮಯ ನಿನ್ನ ಕೈಯಲ್ಲಿದೆ. ತಿಳಿಯದೇ ಇರುವುದನ್ನ ನಿನಗೆ ಬಿಟ್ಟುಕೊಡುವ ಧೈರ್ಯ ಕೊಡು. ನೀನು ಹೇಳದ ಮಾತನ್ನ ನಂಬಿ ಮುರಿದುಹೋದವರನ್ನ ಎತ್ತಿ ನಿಲ್ಲಿಸು. ನೀನು ಹೇಳಿದ ಮಾತಿನಲ್ಲಿ ನಮ್ಮನ್ನ ಸ್ಥಿರಮಾಡು. ನಾಳೆ ಸೋಮವಾರ, ನಾವಿರುವ ಈ ಪಟ್ಟಣದಲ್ಲಿ ನಿನ್ನ ಸಾಕ್ಷಿಗಳಾಗಿ ಇಳಿಯುವಂತೆ ನಿನ್ನ ಆತ್ಮನಿಂದ ತುಂಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.