ಒಂದು ಯಂತ್ರ, ಎರಡು ಆಳ್ವಿಕೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡೂ ಅದು ಒಪ್ಪುವಂಥ ಪ್ರೊಸೆಸರೂ ಇರಬೇಕು. ಕೆಲಸಕ್ಕೆ ಯಾವ ಕುಂದೂ ಇಲ್ಲದ ಎಷ್ಟೋ ಮನೆ ಕಂಪ್ಯೂಟರುಗಳು ಹೀಗೆ ಹಳೆಯವೆನಿಸಿಕೊಂಡವು. ಅಂಥವನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರ ಮುಂದೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮಿನ (ಓಎಸ್) ದಾರಿಯಿದೆ. ಆದರೆ ವಿಂಡೋಸನ್ನು ಪೂರ್ತಿ ಅಳಿಸಿಬಿಡಲೂ ಧೈರ್ಯ ಬರುವುದಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಬರಹ, ಅಂಗಡಿಯ ಟ್ಯಾಲಿ ಲೆಕ್ಕ, ಪೇಜ್‌ಮೇಕರಿನಲ್ಲಿ ಕಟ್ಟಿದ ಪುಟಗಳು ಎಲ್ಲವೂ ಅಲ್ಲೇ ಇವೆ. ಆದ್ದರಿಂದ ಎರಡೂ ಇರಲಿ ಎಂದು ಒಂದೇ ಡಿಸ್ಕಿನಲ್ಲಿ ಎರಡು ಓಎಸ್ ಹಾಕಿಕೊಳ್ಳುತ್ತಾರೆ. ಇದು ಡ್ಯುಯಲ್ ಬೂಟ್.

ಇದನ್ನು ಒಂದು ಅನುಕೂಲವೆಂದು ನೋಡಿ ಸುಮ್ಮನಾಗಬಹುದು. ನನಗೆ ಮಾತ್ರ ಅದರೊಳಗೆ ಮನುಷ್ಯರಿಗೂ ಸಲ್ಲುವ ಒಂದು ಪ್ರಶ್ನೆ ಕಾಣುತ್ತದೆ. ಒಂದೇ ನೆಲದ ಮೇಲೆ ಎರಡು ಆಳ್ವಿಕೆಗಳು, ಒಂದರ ಪರಿಚಯ ಇನ್ನೊಂದಕ್ಕೆ ಇಲ್ಲದೆಯೂ ಬಾಳಬೇಕಾದರೆ ಕನಿಷ್ಠ ಏನು ಬೇಕು?

ಇವನ್ನು ಆಳ್ವಿಕೆ ಎಂದು ಬೇಕೆಂದೇ ಕರೆದೆ. ಪ್ರತಿಯೊಂದು ಓಎಸ್ಸನ್ನೂ ಇಡೀ ಯಂತ್ರ ತನ್ನದೇ ಎಂಬ ಲೆಕ್ಕದಲ್ಲಿ ಬರೆದಿರುತ್ತಾರೆ. ಮೆಮೊರಿ, ಡಿಸ್ಕು, ಗಡಿಯಾರ, ಕೀಲಿಮಣೆ ಎಲ್ಲವೂ ಅದರ ಕೈಯಲ್ಲಿ. ಇಬ್ಬರು ಒಟ್ಟಿಗೆ ಆಳುವುದು ಇಲ್ಲಿ ಸಾಧ್ಯವಿಲ್ಲ, ಸರದಿಯ ಮೇಲೆ ಆಳಬೇಕು. ಲಿನಕ್ಸ್ ನಡೆಯುತ್ತಿರುವಾಗ ವಿಂಡೋಸ್ ಎಂಬುದು ಡಿಸ್ಕಿನ ಮೇಲೆ ಮಲಗಿದ ಬೈಟುಗಳ ರಾಶಿ, ಅಷ್ಟೇ. ವರ್ಚುವಲ್ ಮೆಷಿನ್ ಎಂಬ ಇನ್ನೊಂದು ದಾರಿ ಇದೆ, ನಿಜ. ಅಲ್ಲಿ ಒಂದು ಓಎಸ್ ಇನ್ನೊಂದರ ಹೊಟ್ಟೆಯೊಳಗೆ ಓಡುತ್ತದೆ, ಎರಡೂ ಒಮ್ಮೆಗೇ ಎಚ್ಚರವಾಗಿರುತ್ತವೆ. ಆದರೆ ಒಳಗಿನದು ಹೊರಗಿನದರ ಕೃಪೆಯಲ್ಲಿದೆ. ಹೊರಗಿನದು ಕುಸಿದರೆ ಅದೂ ಕುಸಿಯಿತು. ಇಬ್ಬರೂ ಸಮಾನರಾಗಿ ಇರುವುದು ಡ್ಯುಯಲ್ ಬೂಟಿನಲ್ಲಿ ಮಾತ್ರ. ಅದಕ್ಕೇ ನನ್ನ ಪ್ರಶ್ನೆ ಅಲ್ಲಿಗೇ ಹೋಗುತ್ತದೆ.

ಮೊದಲು ಗಡಿಯ ವಿಷಯ. 1983ರ ಪಿಸಿ ಡಾಸ್ 2.0ರಿಂದ ಬಂದ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳಲ್ಲೇ ಎಲ್ಲವೂ ಅಡಗಿತ್ತು. ಯಂತ್ರವನ್ನು ಎಬ್ಬಿಸುವ ಸಂಕೇತಗಳಿಗೆ 446 ಬೈಟು, ಡಿಸ್ಕಿನ ಯಾವ ಭಾಗ ಎಲ್ಲಿಂದ ಎಷ್ಟು ದೂರ ಎಂದು ಹೇಳುವ ಪಟ್ಟಿಗೆ 64 ಬೈಟು, ಕೊನೆಯ ಎರಡು ಬೈಟು ಗುರುತಿಗೆ. ಮುಖ್ಯ ಭಾಗಗಳು ನಾಲ್ಕೇ. ಈಗಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಭಾಗಗಳಿಗೆ ಜಾಗವಿದೆ, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲೂ ಇರುತ್ತದೆ. ಅಂದಮಾತ್ರಕ್ಕೆ ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಗೋಡೆ ಎದ್ದಿರುವುದಿಲ್ಲ. ಇರುವುದು ಬರೆದಿಟ್ಟ ಅಂಕೆಗಳು. ಎರಡೂ ಓಎಸ್‌ಗಳು ಅದೇ ಅಂಕೆಗಳನ್ನು ಓದುತ್ತವೆ, ಓದಿದ್ದಕ್ಕೆ ಬದ್ಧವಾಗಿ ನಡೆಯುತ್ತವೆ. ಗಡಿ ನಿಂತಿರುವುದು ಆ ಬದ್ಧತೆಯ ಮೇಲೆ.

ಬದ್ಧತೆ ಒಂದು ಗಳಿಗೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲಿನಕ್ಸಿನ ಹುಟ್ಟೇ ಸಾಕ್ಷಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ 386 ಯಂತ್ರದಲ್ಲಿ ಮಿನಿಕ್ಸ್ ಎಂಬ ಓಎಸ್ ಇಟ್ಟುಕೊಂಡು, ಅದರ ಆಸರೆಯಲ್ಲಿ ತನ್ನದೇ ಓಎಸ್ ಬರೆಯುತ್ತಿದ್ದ. ಒಂದು ದಿನ ಮೋಡೆಮಿಗೆ ಹೋಗಬೇಕಾಗಿದ್ದ ಡಯಲ್ ಆಜ್ಞೆ ಆತನ ಕೈತಪ್ಪಿನಿಂದ ನೇರವಾಗಿ ಹಾರ್ಡ್ ಡಿಸ್ಕಿಗೆ ಹೋಗಿ, ಮಿನಿಕ್ಸ್ ಇದ್ದ ಭಾಗ ಕೆಟ್ಟಿತು. ಆತ ಮಿನಿಕ್ಸನ್ನು ಮತ್ತೆ ಹಾಕಲಿಲ್ಲ. ಹೊಸದನ್ನೇ ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡಿದ. ಈ ಕಥೆಯನ್ನು ಸಾಮಾನ್ಯವಾಗಿ ಸಾಹಸವೆಂದು ಹೇಳುತ್ತಾರೆ. ಪಟ್ಟಿ ಬರೆದಿಡುವುದು ಸುಲಭ, ಅದನ್ನು ಕಾಯಬೇಕಾದದ್ದು ಆಳುತ್ತಿರುವವನ ಎಚ್ಚರ ಎಂಬುದು ನನಗೆ ಅದರಲ್ಲಿ ಕಾಣುವ ಸಂಗತಿ. ಆಳುವವನ ಕೈಗೆ ಇಡೀ ಡಿಸ್ಕು ಎಟುಕುತ್ತದೆ. ತನ್ನದಲ್ಲದ ಭಾಗ ಎಟುಕಿದರೂ ಅವನು ಅದನ್ನು ಮುಟ್ಟಬಾರದು.

ಗಡಿಯಾದ ಮೇಲೆ ಸರದಿ. ಯಂತ್ರ ಚಾಲೂ ಆಗಿ ಓಎಸ್ ಏಳುವ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಗ್ರಬ್ ಎಂಬ ಸಣ್ಣ ತಂತ್ರಾಂಶ ಪರದೆಯ ಮೇಲೆ ಬರುತ್ತದೆ. 1995ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ ಕೆಲಸ ಅದು. ಲಿನಕ್ಸೋ ವಿಂಡೋಸೋ ಎಂದು ಕೇಳುತ್ತದೆ. ಲಿನಕ್ಸ್ ಎಂದರೆ ಅದರ ತಿರುಳಾದ ಕರ್ನೆಲನ್ನು ಮೆಮೊರಿಗೆ ತರುತ್ತದೆ. ವಿಂಡೋಸ್ ಎಂದರೆ ಅದರ ಒಳಗುಟ್ಟು ತಿಳಿಯುವ ಗೋಜಿಗೆ ಹೋಗದೆ, ವಿಂಡೋಸಿನದೇ ಬೂಟ್ ಲೋಡರಿಗೆ ಕೆಲಸ ಒಪ್ಪಿಸುತ್ತದೆ. ಒಪ್ಪಿಸಿದ ಮೇಲೆ ತಾನು ಇರುವುದಿಲ್ಲ. ಹಳೆ ಮೈಸೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿ ಮಾಡುತ್ತಿದ್ದುದೂ ಇದನ್ನೇ. ಅವನು ತೂಬು ಎತ್ತುತ್ತಿದ್ದ, ಸರದಿ ಯಾರದೋ ಅವರ ಗದ್ದೆಗೆ ನೀರು ತಿರುಗಿಸುತ್ತಿದ್ದ. ಅವರು ಭತ್ತ ಬೆಳೆಯುತ್ತಾರೋ ರಾಗಿ ಬೆಳೆಯುತ್ತಾರೋ ಅವನು ಕೇಳುತ್ತಿರಲಿಲ್ಲ. ಎಲ್ಲರೂ ಒಪ್ಪುವ ಅಧಿಕಾರ ಅವನಿಗಿದ್ದದ್ದು, ಆ ನೀರಿನ ಮೇಲೆ ಅವನು ಒಡೆತನ ಸಾಧಿಸುತ್ತಿರಲಿಲ್ಲವಾದ್ದರಿಂದ.

ಹಿಂದೆ ಸರದಿ ಕೊಡುವ ಈ ಸ್ಥಾನಕ್ಕೆ ಜಗಳವಿತ್ತು. ಲಿನಕ್ಸ್ ಇದ್ದ ಯಂತ್ರಕ್ಕೆ ಆಮೇಲೆ ವಿಂಡೋಸ್ ಹಾಕಿದರೆ, ಅದು ಆ 446 ಬೈಟುಗಳ ಜಾಗದಲ್ಲಿ ತನ್ನದನ್ನೇ ಬರೆದುಬಿಡುತ್ತಿತ್ತು. ಲಿನಕ್ಸ್ ಡಿಸ್ಕಿನಲ್ಲಿ ಇದ್ದೂ ಕಾಣದಾಗುತ್ತಿತ್ತು. ಅದಕ್ಕೇ ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ಸಲಹೆ ಬಳಕೆಗೆ ಬಂದದ್ದು. ಯುಇಎಫ್ಐ ಎಂಬ ಬೂಟ್ ಪದ್ಧತಿಯ ಈಗಿನ ಯಂತ್ರಗಳಲ್ಲಿ ಇದಕ್ಕೆಂದೇ ಒಂದು ಚಿಕ್ಕ ಸಾಮಾನ್ಯ ಭಾಗವಿದೆ. ಅದರೊಳಗೆ ಮೈಕ್ರೋಸಾಫ್ಟಿಗೆ ಒಂದು ಫೋಲ್ಡರು, ಲಿನಕ್ಸಿನ ಬಗೆಗಳಾದ ಉಬುಂಟುವಿಗೆ ಒಂದು, ಫೆಡೋರಾಕ್ಕೆ ಇನ್ನೊಂದು. ಒಬ್ಬರೇ ಕೂರಬಹುದಾದ ಜಾಗವಿದ್ದಲ್ಲಿ ಬಂದವರೆಲ್ಲ ಜಗಳವಾಡುತ್ತಾರೆ. ಅದೇ ಮಂದಿಗೆ ಒಬ್ಬೊಬ್ಬರಿಗೆ ಒಂದು ಮೂಲೆ ಸಿಕ್ಕರೆ ಜಗಳದ ಕಾರಣ ಬಹುಪಾಲು ಹೋಗುತ್ತದೆ. ಸ್ವಭಾವ ತಿದ್ದಲು ಹೊರಡುವ ಮೊದಲು ಏರ್ಪಾಡು ತಿದ್ದಬೇಕೆನ್ನಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಸರದಿ ಪಡೆಯುವುದಕ್ಕಿಂತ ಕಷ್ಟದ ಕೆಲಸ ಸರದಿ ಬಿಟ್ಟುಕೊಡುವುದು. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂತು. ನಾವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಗಿಯುವುದಿಲ್ಲ. ತನ್ನ ಕರ್ನೆಲಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಟ್ಟು, ಮುಂದಿನ ಸಲ ಅಲ್ಲಿಂದಲೇ ಮುಂದುವರಿಯುತ್ತದೆ. ಬೇಗ ಏಳುತ್ತದೆ, ಒಬ್ಬನೇ ಇರುವ ಮನೆಯಲ್ಲಿ ಇದು ಜಾಣತನ. ಎರಡನೆಯವನಿದ್ದಾಗ ಮಾತ್ರ ತೊಡಕು. ಲಿನಕ್ಸ್ ಎದ್ದು ವಿಂಡೋಸಿನ ಭಾಗವನ್ನು ನೋಡಿದರೆ, ಅಲ್ಲಿನ ಒಡೆಯ ಇನ್ನೂ ಹೋಗಿಲ್ಲ ಎಂಬ ಗುರುತು ಕಾಣುತ್ತದೆ. ಅಲ್ಲಿ ಏನಾದರೂ ಬರೆದರೆ ಮರಳಿ ಬಂದ ವಿಂಡೋಸಿನ ನೆನಪಿಗೂ ಡಿಸ್ಕಿನ ಸ್ಥಿತಿಗೂ ತಾಳೆಯಾಗದೆ ಕಡತಗಳು ಹಾಳಾದಾವು. ಆದ್ದರಿಂದ ಲಿನಕ್ಸ್ ಓದಲಷ್ಟೇ ತೆರೆಯುತ್ತದೆ, ಇಲ್ಲವೇ ತೆರೆಯಲೊಪ್ಪುವುದಿಲ್ಲ. ಡ್ಯುಯಲ್ ಬೂಟ್ ಮಾಡುವವರಿಗೆ ಈ ಸೌಲಭ್ಯವನ್ನು ಆರಿಸಿಡಿ ಎಂದು ಹೇಳುವುದು ಇದಕ್ಕೇ.

ಈ ಚಿಕ್ಕ ಸಂಗತಿಯಲ್ಲಿ ನಾನು ಬಹಳ ಹೊತ್ತು ನಿಲ್ಲುತ್ತೇನೆ. ಅಧಿಕಾರ ಬಿಟ್ಟೆ ಎಂದು ಹೇಳಿ, ಹೋಗುವಾಗ ತನ್ನ ಅರ್ಧ ಕೆಲಸವನ್ನು ಹಾಗೇ ಹರವಿಟ್ಟು ಹೋದವನನ್ನು ನಾವು ಕಚೇರಿಗಳಲ್ಲಿ, ಸಂಘಗಳಲ್ಲಿ, ಮನೆಗಳಲ್ಲಿ ನೋಡುತ್ತೇವೆ. ಮುಂದೆ ಬಂದವನು ಏನನ್ನೂ ಸರಿಪಡಿಸುವಂತಿಲ್ಲ, ಮುಟ್ಟಿದರೆ ಕೆಡುತ್ತದೆ. ಹೋದವನಲ್ಲಿ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ. ಬೇಗ ಮರಳಬೇಕೆಂಬ ಆಸೆಯೊಂದೇ ಸಾಕು. ಪೂರ್ತಿ ಮುಗಿಸಿ ಹೋಗಲು ತುಸು ಹೆಚ್ಚು ಹೊತ್ತು ಬೇಕು. ಆ ಹೊತ್ತು ನಮ್ಮ ನಂತರ ಬರುವವನಿಗೆ ನಾವು ಸಲ್ಲಿಸಬೇಕಾದ ಪಾಲು.

ಗಡಿಯಾರದ ತಕರಾರು ಇನ್ನೊಂದು ಬಗೆಯದು. ತಾಯಿಹಲಗೆಯ ಮೇಲಿನ ಗಡಿಯಾರ ಯಂತ್ರ ಆರಿದ್ದಾಗಲೂ ಬ್ಯಾಟರಿಯ ಬಲದಲ್ಲಿ ನಡೆಯುತ್ತದೆ. ಅದರಲ್ಲಿರುವ ಸಮಯವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ಸಮಯವಾದ ಯುಟಿಸಿ ಎಂದು ಓದುತ್ತದೆ. ನಮ್ಮಲ್ಲಿ ಇವೆರಡಕ್ಕೂ ಐದೂವರೆ ಗಂಟೆ ಅಂತರ. ಬೆಳಿಗ್ಗೆ ಒಂಬತ್ತಕ್ಕೆ ಲಿನಕ್ಸ್ ಆ ಗಡಿಯಾರದಲ್ಲಿ 3:30 ಎಂದು ಬರೆದಿಟ್ಟರೆ, ಆಮೇಲೆ ಎದ್ದ ವಿಂಡೋಸ್ ನಸುಕಿನ ಮೂರೂವರೆ ಎಂದು ತೋರಿಸುತ್ತದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಗಡಿಯಾರ ಅಂಕೆಯನ್ನಷ್ಟೇ ಇಟ್ಟುಕೊಳ್ಳುತ್ತದೆ, ಅದು ಎಲ್ಲಿಯ ಸಮಯ ಎಂಬುದನ್ನಲ್ಲ. ಒಬ್ಬರು ಇನ್ನೊಬ್ಬರ ಪದ್ಧತಿಗೆ ಒಪ್ಪಬೇಕು. ಲಿನಕ್ಸಿನಲ್ಲಿ ಒಂದು ಆಜ್ಞೆ, ಇಲ್ಲವೇ ವಿಂಡೋಸಿನ ರಿಜಿಸ್ಟ್ರಿಯಲ್ಲಿ ಒಂದು ಬದಲಾವಣೆ ಸಾಕು. ನಮ್ಮ ಎಷ್ಟೋ ವಾದಗಳು ಹೀಗೆಯೇ ಹುಟ್ಟುತ್ತವೆ. ಎರಡೂ ಕಡೆಯವರು ಪ್ರಾಮಾಣಿಕರು, ಕಣ್ಣ ಮುಂದಿನ ಸಂಗತಿಯೂ ಒಂದೇ, ಆದರೆ ಯಾವ ಆಧಾರದ ಮೇಲೆ ಅಳೆದೆವು ಎಂದು ಯಾರೂ ಹೇಳಿರುವುದಿಲ್ಲ.

ಇಷ್ಟೆಲ್ಲ ಸರಿಹೋದರೂ ಓದುವ ವಿಷಯದಲ್ಲಿ ಸಮಾನತೆ ಇಲ್ಲ. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಎನ್‌ಟಿಎಫ್ಎಸ್ ಕಡತ ವ್ಯವಸ್ಥೆಯನ್ನು ಲಿನಕ್ಸ್ ಓದಬಲ್ಲದು, ಬರೆಯಬಲ್ಲದು. ಲಿನಕ್ಸಿನ ಎಕ್ಸ್ಟ್4 ಅನ್ನು ವಿಂಡೋಸ್ ತಾನಾಗಿ ತೆರೆಯುವುದಿಲ್ಲ. ಎಕ್ಸ್ಟ್4 ಮಾಡಿದ ಪೆನ್‌ಡ್ರೈವ್ ಹಾಕಿದರೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ಹೇಳುವುದುಂಟು. ಒಳಗೆ ಒಂದು ಜೀವಮಾನದ ಬರಹ ಇದ್ದಿರಬಹುದು. ತನಗೆ ಓದಲು ಬಾರದ್ದು ಅದಕ್ಕೆ ಖಾಲಿ. ಅಲ್ಪಸಂಖ್ಯೆಯವರು ಬಹುಸಂಖ್ಯೆಯವರ ಭಾಷೆ ಕಲಿಯುತ್ತಾರೆ, ಬಹುಸಂಖ್ಯೆಯವರಿಗೆ ಕಲಿಯುವ ತುರ್ತು ಇರುವುದಿಲ್ಲ. ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲು ನಾವು ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿತ್ತು. ಬರಹ ಅಳಿದಿರಲಿಲ್ಲ, ಓದುವ ಕೀಲಿ ಒಂದೇ ಕಡೆ ಉಳಿದಿತ್ತು.

ಎರಡು ಓಎಸ್‌ಗಳ ನಡುವೆ ಓಡಾಡುವವನಿಗೆ ನಿಧಾನಕ್ಕೆ ಒಂದು ವಿವೇಕ ಬರುತ್ತದೆ. ಸಿ ಡ್ರೈವ್ ಎಂಬುದು ಡಿಸ್ಕಿನ ಸ್ವಭಾವವೆಂದು ಅವನು ತಿಳಿದಿದ್ದ. ಎ ಮತ್ತು ಬಿ ಫ್ಲಾಪಿಗಳಿಗೆ ಮೀಸಲಾಗಿದ್ದ ಕಾಲದಿಂದ ಉಳಿದ ರೂಢಿ ಅದು ಎಂದು ಈಗ ಗೊತ್ತಾಗುತ್ತದೆ. ಲಿನಕ್ಸಿನಲ್ಲಿ ಡ್ರೈವ್ ಅಕ್ಷರಗಳೇ ಇಲ್ಲ, ಎಲ್ಲವೂ ಒಂದೇ ಬೇರಿನಿಂದ ಕವಲೊಡೆಯುತ್ತದೆ. ಯಂತ್ರದ ಗುಣವೆಂದುಕೊಂಡ ಎಷ್ಟೋ ಸಂಗತಿ ಒಂದು ಆಳ್ವಿಕೆಯ ಅಭ್ಯಾಸವಾಗಿತ್ತು. ಅದೇ ಹೊತ್ತಿಗೆ ಎರಡೂ ಕಡೆ ಉಳಿದುಬರುವುದು ಯಾವುದೆಂದೂ ತಿಳಿಯುತ್ತದೆ. ಕೆ. ಪಿ. ರಾವ್ ಅವರ ಕೆಲಸದಿಂದ ಬೆಳೆದ, ನುಡಿಯಿಂದ ಮನೆಮಾತಾದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಓಎಸ್ ಬದಲಾದರೂ ಬೆರಳುಗಳು ಅದೇ ದಾರಿಯಲ್ಲಿ ಕನ್ನಡ ಬರೆಯುತ್ತವೆ.

ಆದ್ದರಿಂದ ಎರಡು ಓಎಸ್ ಹಾಕಿಕೊಂಡಮಾತ್ರಕ್ಕೆ ಸ್ವತಂತ್ರರಾದೆವು ಎಂದು ನಾನು ನಂಬುವುದಿಲ್ಲ. ಎರಡರ ಹಂಗಿನಲ್ಲೂ ಇರಬಹುದು. ನನ್ನ ಬರಹ, ನನ್ನ ಚಿತ್ರ, ನನ್ನ ಲೆಕ್ಕ ಇವು ಯಾವ ಆಳ್ವಿಕೆ ಬಂದರೂ ತೆರೆದುಕೊಳ್ಳುವ ರೂಪದಲ್ಲಿವೆಯೇ, ಅವುಗಳ ಪ್ರತಿ ಈ ಯಂತ್ರದ ಹೊರಗೂ ಒಂದಿದೆಯೇ ಎಂಬುದು ನಿಜವಾದ ಪರೀಕ್ಷೆ. ಡಿಸ್ಕನ್ನು ಭಾಗ ಮಾಡುವ ಮುಂಚೆ ಬ್ಯಾಕಪ್ ತೆಗೆದಿಡಿ ಎಂದು ತಿಳಿದವರು ಹೇಳುವುದು ಅನಾಹುತಕ್ಕೆ ಹೆದರಿ ಮಾತ್ರ ಎಂದು ತಿಳಿಯಬಾರದು. ಓಎಸ್‌ಗಳು ಬರುತ್ತವೆ, ಅವುಗಳ ಬೆಂಬಲದ ಅವಧಿ ಮುಗಿಯುತ್ತದೆ. ಮನುಷ್ಯ ಮಾಡಿದ ಕೆಲಸ ಅದಕ್ಕಿಂತ ಹೆಚ್ಚು ಕಾಲ ಬಾಳಬೇಕಾದದ್ದು. ಅದನ್ನು ಯಾವ ಆಳ್ವಿಕೆಗೂ ಅಡ ಇಡದೆ ಉಳಿಸಿಕೊಂಡವನಿಗೆ ಯಂತ್ರದಲ್ಲಿ ಒಂದು ಓಎಸ್ ಇದ್ದರೂ ಸರಿ, ನಾಲ್ಕಿದ್ದರೂ ಸರಿ.