ಹಡಗಿನ ಊಟ ಮತ್ತು ಧರ್ಮಜಿಜ್ಞಾಸೆ

ಸಮುದ್ರಯಾನದಿಂದ ಧರ್ಮ ಕೆಡುತ್ತದೆಯೇ ಎಂಬ ಪ್ರಶ್ನೆ ಧರ್ಮಶಾಸ್ತ್ರಗಳಷ್ಟೇ ಹಳೆಯದು. ಬೌಧಾಯನ ಧರ್ಮಸೂತ್ರ ಪತನೀಯ ಕರ್ಮಗಳನ್ನು, ಎಂದರೆ ಮನುಷ್ಯನನ್ನು ಜಾತಿಯಿಂದ ಕೆಳಗಿಳಿಸುವ ಕೃತ್ಯಗಳನ್ನು, ಪಟ್ಟಿ ಮಾಡುವಾಗ ಮೊದಲು ಹೆಸರಿಸುವುದೇ ಸಮುದ್ರಯಾನವನ್ನು. ಅದಕ್ಕೆ ಹೇಳಿದ ಪ್ರಾಯಶ್ಚಿತ್ತ ಮೂರು ವರ್ಷದ್ದು: ನಾಲ್ಕು ಊಟದ ಹೊತ್ತಿಗೊಮ್ಮೆ ಸ್ವಲ್ಪವೇ ಉಣ್ಣಬೇಕು, ದಿನಕ್ಕೆ ಮೂರು ಸಲ ಮೀಯಬೇಕು, ಹಗಲನ್ನು ನಿಂತು, ರಾತ್ರಿಯನ್ನು ಕುಳಿತು ಕಳೆಯಬೇಕು. ಅದೇ ಗ್ರಂಥ ಇನ್ನೊಂದೆಡೆ ಸಮುದ್ರಯಾನವನ್ನು ಉತ್ತರ ದೇಶದವರ ವಿಶೇಷ ಆಚಾರಗಳಲ್ಲಿ ಒಂದೆಂದು ಎಣಿಸುತ್ತದೆ. ಹಡಗು ಹತ್ತುವವರು ಆ ಕಾಲದಲ್ಲೇ ಸಾಕಷ್ಟಿದ್ದರೆಂದಾಯಿತು. ಮನುಸ್ಮೃತಿಯಲ್ಲೂ ಈ ದ್ವಂದ್ವ ಕಾಣುತ್ತದೆ. ಸಮುದ್ರಯಾನ ಮಾಡಿದ ಬ್ರಾಹ್ಮಣನನ್ನು ಶ್ರಾದ್ಧದ ಊಟಕ್ಕೆ ಕರೆಯಬಾರದೆಂದು ಅದರ ಮೂರನೆಯ ಅಧ್ಯಾಯ ಹೇಳಿದರೆ, ಸಮುದ್ರಯಾನದಲ್ಲಿ ನುರಿತವರು ಗೊತ್ತುಮಾಡಿದ ಬಡ್ಡಿಯ ದರವೇ ಪ್ರಮಾಣವೆಂದು ಎಂಟನೆಯ ಅಧ್ಯಾಯ ಒಪ್ಪುತ್ತದೆ. ಮುಂದೆ ಮಧ್ಯಯುಗದ ನಿಬಂಧಕಾರರು ಸಮುದ್ರಯಾನವನ್ನು ಕಲಿವರ್ಜ್ಯಗಳ, ಎಂದರೆ ಕಲಿಯುಗದಲ್ಲಿ ಬಿಡಬೇಕಾದ ಆಚರಣೆಗಳ, ಸಾಲಿಗೆ ಸೇರಿಸಿದರು. ಪ್ರಾಯಶ್ಚಿತ್ತ ಮಾಡಿಕೊಂಡರೂ ಅಂಥವರೊಡನೆ ವ್ಯವಹಾರ ಕೂಡದೆಂಬ ಮಟ್ಟಿಗೆ ನಿಯಮ ಬಿಗಿಯಾಯಿತು.

ಈ ನಿಷೇಧದ ಬೇರು ಹುಡುಕುತ್ತ ಹೋದರೆ ಅಡುಗೆಮನೆಗೆ ಬಂದು ನಿಲ್ಲಬೇಕಾಗುತ್ತದೆ. ಸ್ನಾನಕ್ಕೆ ಸಿಹಿನೀರಿಲ್ಲ, ಸಂಧ್ಯಾವಂದನೆಗೆ ಶುದ್ಧವಾದ ಜಾಗವಿಲ್ಲ, ಬೇಯಿಸುವವರು ಯಾರೋ, ಪಕ್ಕದಲ್ಲಿ ಕೂತು ಉಣ್ಣುವವರು ಯಾರೋ. ತಿಂಗಳುಗಟ್ಟಲೆ ಹೀಗೆ ಕಳೆದವನು ಊರಿಗೆ ಮರಳಿದಾಗ ಎದ್ದ ಪ್ರಶ್ನೆಯೂ ಪಂಕ್ತಿಯದೇ: ಇವನನ್ನು ಸಾಲಿನಲ್ಲಿ ಕೂರಿಸಿಕೊಂಡು ಉಣ್ಣಬಹುದೇ?

ಇಂದಿನ ಕ್ರೂಸ್ ಈ ಪ್ರಶ್ನೆಯನ್ನು ಇನ್ನಷ್ಟು ಮೊನಚಾಗಿಸುತ್ತದೆ. ಹಿಂದಿನವರು ವ್ಯಾಪಾರಕ್ಕೋ ವಿದ್ಯೆಗೋ ರಾಜಕಾರ್ಯಕ್ಕೋ ಹಡಗು ಹತ್ತಿದರು. ಹಡಗಿನ ಊಟ ಅವರಿಗೆ ಅನಿವಾರ್ಯವಾಗಿತ್ತು. ಕ್ರೂಸಿನಲ್ಲಿ ಯಾನವೇ ಉದ್ದೇಶ, ಊಟವೇ ಅದರ ಮುಖ್ಯ ಆಕರ್ಷಣೆ. ಭೋಗಕ್ಕೆಂದೇ ಹೊರಟ ಪ್ರಯಾಣದಲ್ಲಿ ಆಹಾರಶುದ್ಧಿ, ಸಂತೋಷ, ಅಪರಿಗ್ರಹ ಮೊದಲಾದ ನಿಯಮಗಳಿಗೆ ಜಾಗವಿದೆಯೇ ಎಂಬುದು ಈಗಿನ ಜಿಜ್ಞಾಸೆ.

ಹಡಗಿನಲ್ಲಿ ಉಂಡವರು

ರಾಜಾ ರಾಮಮೋಹನ ರಾಯರು 1830ರ ನವೆಂಬರಿನಲ್ಲಿ ‘ಆಲ್ಬಿಯನ್’ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಸತಿ ಪದ್ಧತಿಯ ವಿರುದ್ಧ ಹೋರಾಡಿದ ಆ ಸುಧಾರಕರೂ ಊಟದ ವಿಷಯದಲ್ಲಿ ತಮ್ಮ ಕಟ್ಟಳೆಯನ್ನು ಸಡಿಲಿಸಲಿಲ್ಲ. ತಮ್ಮವರ ಕೈಯಲ್ಲೇ ಅಡುಗೆ ಮಾಡಿಸಿ, ತಮ್ಮ ಕ್ಯಾಬಿನ್ನಿನಲ್ಲೇ ಉಂಡರು. ಬೇರೆ ಅಡುಗೆಮನೆಯ ಅನುಕೂಲವಿಲ್ಲದೆ ಒಂದು ಮಣ್ಣಿನ ಒಲೆಯಲ್ಲಿ ಅಡುಗೆ ನಡೆಯಿತೆಂದು ಸಹಪ್ರಯಾಣಿಕರೊಬ್ಬರು ಬರೆದಿಟ್ಟಿದ್ದಾರೆ.

1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹೊರಟ ಮೋಹನದಾಸ ಗಾಂಧಿಯವರ ಕಥೆ ಇನ್ನೂ ಕಷ್ಟದ್ದು. ಅವರ ಜಾತಿಯ ಹಿರಿಯರು ಬಹಿಷ್ಕಾರ ಹಾಕಿದರು. ಅವರಿಗೆ ನೆರವಾದವರಿಗೆ, ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದು ಸಾರಿದರು. ಹಡಗಿನಲ್ಲಿ ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಹದಿಹರೆಯದ ಗಾಂಧಿಗೆ ಸಂಕೋಚ, ಚಾಕು-ಫೋರ್ಕು ಹಿಡಿಯಲೂ ಬಾರದು. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನೇ ಹೆಚ್ಚಾಗಿ ಕ್ಯಾಬಿನ್ನಿನಲ್ಲಿ ಕೂತು ತಿಂದರು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತು ಉಳಿಯಿತು. 1891ರಲ್ಲಿ ಮರಳಿದ ಮೇಲೆ ನಾಸಿಕದಲ್ಲಿ ಶುದ್ಧಿಸ್ನಾನ ಮಾಡಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರೂ ಒಂದು ಪಂಗಡ ಅವರನ್ನು ಒಳಗೆ ಸೇರಿಸಿಕೊಳ್ಳಲಿಲ್ಲ.

ಹಣವಿದ್ದವರಿಗೆ ಬೇರೆ ದಾರಿಯಿತ್ತು. ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ 1902ರಲ್ಲಿ ಹೊರಟ ಜಯಪುರದ ಮಹಾರಾಜ ಎರಡನೆಯ ಸವಾಯಿ ಮಾಧೋಸಿಂಗ್ ‘ಒಲಿಂಪಿಯಾ’ ಎಂಬ ಹೊಸ ಹಡಗನ್ನೇ ಬಾಡಿಗೆಗೆ ಪಡೆದು, ಭಾರಿ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದರು. ಜಯಪುರದ ಅರಮನೆಯಲ್ಲಿ ಈಗಲೂ ಕಾಣಸಿಗುವ ಅಂಥ ಹಂಡೆಯೊಂದರ ತೂಕವೇ ಸುಮಾರು 345 ಕಿಲೋ. ಮಣ್ಣಿನ ಒಲೆ, ತಿಂಡಿಯ ಗಂಟು, ಬೆಳ್ಳಿಯ ಹಂಡೆ ಈ ಮೂರರ ಹಿಂದಿರುವ ನಂಬಿಕೆ ಒಂದೇ: ಯಾನಕ್ಕೆ ಅಂಟಿದ ದೋಷ ಅನ್ನ ಮತ್ತು ನೀರಿನ ಮೂಲಕ ಬರುತ್ತದೆ, ಅವೆರಡನ್ನು ಕಾಪಾಡಿಕೊಂಡರೆ ದೋಷವಿಲ್ಲ.

ಕರ್ನಾಟಕದ ಕರಾವಳಿಗೆ ಈ ಚರ್ಚೆ ಹೊರಗಿನದಲ್ಲ. ಉಡುಪಿಯ ಐತಿಹ್ಯದಂತೆ ಅಲ್ಲಿನ ಕೃಷ್ಣನೇ ದ್ವಾರಕೆಯಿಂದ ಹಡಗಿನಲ್ಲಿ ಬಂದವನು. ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಉತ್ತರೀಯ ಬೀಸಿ ದಡ ಸೇರಿಸಿದರು; ಅದರಲ್ಲಿದ್ದ ಗೋಪಿಚಂದನದ ಗಡ್ಡೆಯೊಳಗೆ ವಿಗ್ರಹವಿತ್ತು. ಅದೇ ಉಡುಪಿಯಲ್ಲಿ 2008ರ ಪರ್ಯಾಯದ, ಎಂದರೆ ಮಠಗಳ ನಡುವೆ ಕೃಷ್ಣಪೂಜೆಯ ಸರದಿ ಬದಲಾಗುವ, ಹೊತ್ತಿಗೆ ವಿದೇಶಯಾತ್ರೆ ಮಾಡಿದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ಎದ್ದಿತು. ಗೃಹಸ್ಥರ ಮಟ್ಟಿಗೆ ಬಹುಪಾಲು ಮರೆಯಾದ ನಿಷೇಧ ಯತಿಗಳ ವಿಷಯದಲ್ಲಿ ಇನ್ನೂ ಜೀವಂತವಾಗಿದೆ ಎಂಬುದಕ್ಕೆ ಇದು ಸಾಕ್ಷಿ.

ಆಹಾರಶುದ್ಧಿಯ ಎರಡು ವಿವರಣೆಗಳು

ಆಹಾರ ಶುದ್ಧವಾದರೆ ಅಂತಃಕರಣ ಶುದ್ಧವಾಗುತ್ತದೆ, ಅದರಿಂದ ಸ್ಮೃತಿ ಸ್ಥಿರವಾಗುತ್ತದೆ ಎಂಬುದು ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯದ ಕೊನೆಯ ಮಾತು. ಆಚಾರ್ಯರು ಇದನ್ನು ಎರಡು ಬಗೆಯಾಗಿ ವಿವರಿಸಿದರು. ಶಂಕರರ ಪ್ರಕಾರ ಇಂದ್ರಿಯಗಳ ಮೂಲಕ ಒಳಗೆ ಬರುವುದೆಲ್ಲ ಆಹಾರವೇ. ನೋಡಿದ್ದು, ಕೇಳಿದ್ದು ರಾಗ-ದ್ವೇಷ-ಮೋಹಗಳಿಂದ ಕಲುಷಿತವಾಗದಿದ್ದರೆ ಅದೇ ಶುದ್ಧಿ. ರಾಮಾನುಜರ ಪರಂಪರೆಯಲ್ಲಿ ಆಹಾರವೆಂದರೆ ಉಣ್ಣುವ ಅನ್ನವೇ. ಅದಕ್ಕೆ ಮೂರು ದೋಷಗಳು ತಟ್ಟುತ್ತವೆ: ವಸ್ತುವಿನ ಸ್ವಭಾವದಿಂದಲೇ ಬರುವ ಜಾತಿದೋಷ, ಅದು ಯಾರದು ಎಂಬುದರಿಂದ ಬರುವ ಆಶ್ರಯದೋಷ, ಕೂದಲು, ಎಂಜಲು ಮೊದಲಾದವು ತಾಗಿ ಬರುವ ನಿಮಿತ್ತದೋಷ.

ಕ್ರೂಸಿನ ಪ್ರಯಾಣಿಕನಿಗೆ ಎರಡೂ ವಿವರಣೆಗಳು ಬೇಕಾಗುತ್ತವೆ. ತಟ್ಟೆಯ ಮೇಲೆ ಏನಿದೆಯೆಂದು ತಿಳಿಯಲು ರಾಮಾನುಜರ ವಿಂಗಡಣೆ ನೆರವಾಗುತ್ತದೆ. ಆ ತಟ್ಟೆಯನ್ನು ಯಾವ ಮನಸ್ಸಿನಿಂದ ತುಂಬಿಕೊಳ್ಳುತ್ತಿದ್ದೇವೆಂದು ತಿಳಿಯಲು ಶಂಕರರ ವಿವರಣೆ.

ಊಟದ ವ್ಯವಸ್ಥೆ ಮತ್ತು ಮೂರು ದೋಷಗಳು

ದೊಡ್ಡ ಕ್ರೂಸ್ ಹಡಗುಗಳಲ್ಲಿ ಊಟಕ್ಕೆ ಸಾಮಾನ್ಯವಾಗಿ ಮೂರು ಕಡೆ ಏರ್ಪಾಡಿರುತ್ತದೆ. ಮುಖ್ಯ ಡೈನಿಂಗ್ ರೂಮಿನಲ್ಲಿ ಮೇಜಿಗೇ ತಂದು ಬಡಿಸುತ್ತಾರೆ. ಬಫೆಯಲ್ಲಿ ತಾವೇ ಬಡಿಸಿಕೊಳ್ಳಬೇಕು. ಈ ಎರಡರ ಖರ್ಚು ಟಿಕೆಟ್ಟಿನಲ್ಲೇ ಸೇರಿರುತ್ತದೆ. ಸ್ಪೆಷಾಲಿಟಿ ರೆಸ್ಟೋರೆಂಟುಗಳಿಗೆ ಬೇರೆ ಹಣ ಕೊಡಬೇಕು.

ಜಾತಿದೋಷ ತಪ್ಪಿಸಲು ‘ವೆಜ್’ ಎಂಬ ಒಂದು ಮಾತು ಸಾಲದು. ತರಕಾರಿ ಸೂಪಿಗೆ ಕೋಳಿಯ ಸ್ಟಾಕ್, ಸೀಸರ್ ಸಲಾಡಿನ ಡ್ರೆಸಿಂಗಿಗೆ ಆಂಚೊವಿ ಮೀನು, ಥಾಯ್ ಪಲ್ಯಕ್ಕೆ ಮೀನಿನ ಸಾಸ್, ಸಿಹಿಗೆ ಜೆಲಾಟಿನ್, ಕೆಲವು ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಿದ್ದಿರಬಹುದು. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಗೆಡ್ಡೆಗೆಣಸುಗಳಲ್ಲಿ ಯಾವುದು ಬೇಡವೆಂಬುದನ್ನು ಬುಕಿಂಗ್ ಮಾಡುವಾಗಲೇ ಬರವಣಿಗೆಯಲ್ಲಿ ತಿಳಿಸಬೇಕು. ಹಡಗು ಒಮ್ಮೆ ಬಂದರು ಬಿಟ್ಟರೆ ಉಗ್ರಾಣದಲ್ಲಿ ಇದ್ದದ್ದಷ್ಟೇ. ಮುಖ್ಯ ಡೈನಿಂಗ್ ರೂಮಿನಲ್ಲಿ ದಿನವೂ ಒಂದೇ ಹೊತ್ತು, ಒಂದೇ ಮೇಜು ಆರಿಸಿಕೊಂಡರೆ ಬಡಿಸುವವರೂ ಸಾಮಾನ್ಯವಾಗಿ ಅವರೇ ಇರುತ್ತಾರೆ. ಮೊದಲ ರಾತ್ರಿಯೇ ಅವರೊಡನೆ ಮಾತಾಡಿದರೆ ಮರುದಿನದ ಅಡುಗೆಯನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳಬಹುದು. ಗಾಂಧಿಯವರು ಸಂಕೋಚದಿಂದ ಕೇಳದೆ ಉಳಿದ ಪ್ರಶ್ನೆ ಇಂದು ಯಾರಿಗೂ ವಿಚಿತ್ರವೆನಿಸುವುದಿಲ್ಲ.

ನಿಮಿತ್ತದೋಷದ ಭಯ ಹೆಚ್ಚಿರುವುದು ಬಫೆಯಲ್ಲಿ. ಮಾಂಸದ ಪಾತ್ರೆಯ ಸೌಟು ಪಕ್ಕದ ಪಲ್ಯಕ್ಕೆ ಇಳಿಯುವುದು ಅಲ್ಲಿ ಸಹಜ. ಶುದ್ಧಿಯ ನಿಯಮವೂ ಆರೋಗ್ಯದ ನಿಯಮವೂ ಇಲ್ಲಿ ಒಂದಾಗುತ್ತವೆ: ನೊರೊವೈರಸ್ ಎಂಬ ವಾಂತಿಭೇದಿಯ ಸೋಂಕು ಕೈಯಿಂದ ಕೈಗೆ, ಸೌಟಿನಿಂದ ಸೌಟಿಗೆ ಹರಡುತ್ತದೆ, ಸ್ಯಾನಿಟೈಸರ್ ಅದಕ್ಕೆ ಸಾಲದು, ಸೋಪು ಹಚ್ಚಿ ಕೈ ತೊಳೆಯಲೇಬೇಕು. ಆಶ್ರಯದೋಷವನ್ನು ಹಳೆಯ ಅರ್ಥದಲ್ಲಿ ಪಾಲಿಸುವುದು ಹಡಗಿನಲ್ಲಿ ಅಸಾಧ್ಯ, ಪಾಲಿಸಬೇಕಾದದ್ದೂ ಅಲ್ಲ. ಅಡುಗೆಯವನ ಹುಟ್ಟನ್ನು ವಿಚಾರಿಸುವ ಬದಲು ಅವನ ದುಡಿಮೆಗೆ ನ್ಯಾಯ ಸಿಕ್ಕಿದೆಯೇ ಎಂದು ವಿಚಾರಿಸುವುದೇ ಆ ನಿಯಮಕ್ಕೆ ಇಂದು ಉಳಿದಿರುವ ಯೋಗ್ಯ ಅರ್ಥ.

ಕಡಲಿನ ಮೇಲೆ ವ್ರತನಿಯಮ

ಬೇರೆ ಧರ್ಮಗಳೂ ಈ ಸಂದಿಗ್ಧವನ್ನು ಎದುರಿಸಿವೆ. ಕುರಾನ್ ಕಡಲಿನ ಬೇಟೆಯನ್ನು ಯಾತ್ರಿಕರಿಗೆ ಅನುಮತಿಸುತ್ತದೆ. ಪ್ರಯಾಣದಲ್ಲಿರುವವರು ನಮಾಜನ್ನು ಮೊಟಕುಗೊಳಿಸಲು, ರಂಜಾನಿನ ಉಪವಾಸವನ್ನು ಮುಂದಕ್ಕೆ ಹಾಕಲು ಇಸ್ಲಾಮಿನಲ್ಲಿ ಅವಕಾಶವಿದೆ. ಸಬ್ಬತ್ತಿಗೆ ಮೂರು ದಿನದೊಳಗಿರುವಾಗ ಹಡಗು ಹತ್ತಬಾರದು, ಧರ್ಮಕಾರ್ಯಕ್ಕಾದರೆ ಹತ್ತಬಹುದು ಎಂದು ಯಹೂದ್ಯರ ತಾಲ್ಮುಡ್ ಯಾನದ ಉದ್ದೇಶಕ್ಕೆ ತೂಕ ಕೊಡುತ್ತದೆ. ವಾಹನವನ್ನೇ ಬಿಟ್ಟು ನಡೆದು ವಿಹರಿಸುವ ಜೈನ ಸಾಧುವಿಗೆ ಕ್ರೂಸಿನ ಮಾತೇ ಇಲ್ಲ. ಸೂರ್ಯಾಸ್ತದ ಮೇಲೆ ಉಣ್ಣದ ಶ್ರಾವಕರು, ಎಂದರೆ ಜೈನ ಗೃಹಸ್ಥರು, ಮಾತ್ರ ರಾತ್ರಿಯೂಟದ ಮೊದಲ ಸರದಿಗೂ ಮುನ್ನ ಊಟ ಸಿಗುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕು.

ಹಿಂದೂ ಗೃಹಸ್ಥರಿಗೆ ಇರುವ ತೊಡಕು ಬೆಂಕಿ ಮತ್ತು ಗಡಿಯಾರದ್ದು. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಅಪಾಯವಿಲ್ಲವಾದ್ದರಿಂದ ಕ್ಯಾಬಿನ್ನಿನಲ್ಲಿ ದೀಪ, ಊದುಬತ್ತಿ, ಕರ್ಪೂರ ಹಚ್ಚುವಂತಿಲ್ಲ. ನೀರು ಕಾಯಿಸುವ ಕಾಯಿಲ್, ಸಣ್ಣ ಕುಕ್ಕರ್ ಒಯ್ದರೆ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಆದರೆ ಮಾನಸಪೂಜೆ ಬಾಹ್ಯಪೂಜೆಗಿಂತ ಕಡಿಮೆಯದೇನಲ್ಲ. ಜಪ-ಧ್ಯಾನಗಳಿಗೆ ಬೆಂಕಿ ಬೇಕಿಲ್ಲ. ಹಡಗಿನ ಗಡಿಯಾರ ದಾರಿಯಲ್ಲಿ ಹಿಂದೆ ಮುಂದೆ ಆಗುತ್ತಿರುವುದರಿಂದ ಸಂಧ್ಯಾಕಾಲಕ್ಕೆ ಕಣ್ಣೆದುರಿನ ಸೂರ್ಯನನ್ನೇ ನಂಬಬೇಕು. ಬಂದರಿನಲ್ಲಿ ಇಳಿದು ಸುತ್ತುವ ದಿನಕ್ಕೆ ಮೊಹರಿರುವ ಒಣ ತಿಂಡಿ ಇಟ್ಟುಕೊಳ್ಳುವುದು ಒಳ್ಳೆಯದು. ಹಡಗಿನ ಹಣ್ಣು, ಬೇಯಿಸಿದ ಆಹಾರವನ್ನು ದಡಕ್ಕೆ ಒಯ್ಯಲು ಹಲವು ದೇಶಗಳ ಕಾನೂನು ಬಿಡುವುದಿಲ್ಲ.

ಕ್ಯಾಬಿನ್ ಮತ್ತು ಸಂತೋಷ

ಕ್ಯಾಬಿನ್ನುಗಳಲ್ಲಿ ನಾಲ್ಕು ಮೆಟ್ಟಿಲು: ಕಿಟಕಿಯಿಲ್ಲದ ಒಳಕೋಣೆ, ಕಡಲು ಕಾಣುವ ಕಿಟಕಿಯದು, ಬಾಲ್ಕನಿಯದು, ಸೂಟ್. ಹೊರಡುವ ಮುನ್ನ ಖಾಲಿ ಉಳಿದ ಮೇಲಿನ ದರ್ಜೆಯ ಕೋಣೆಗಳಿಗೆ ಹರಾಜಿನ ರೀತಿಯಲ್ಲಿ ಬೆಲೆ ಕೂಗಿಸುವ ಪದ್ಧತಿ ಈಗ ಹಲವು ಕಂಪನಿಗಳಲ್ಲಿದೆ. ಹಡಗಿನ ಮಧ್ಯಭಾಗದ ಕೆಳ ಅಂತಸ್ತಿನಲ್ಲಿ ತೂಗಾಟ ಕಡಿಮೆ. ಕಡಲಬೇನೆ ಬರುವವರಿಗೆ, ವಯಸ್ಸಾದವರಿಗೆ ಮೇಲಿನ ಸೂಟಿಗಿಂತ ಅಲ್ಲಿನ ಅಗ್ಗದ ಕೋಣೆಯೇ ಹಿತ. ಅಪ್‌ಗ್ರೇಡ್ ಒಪ್ಪುವ ಮುನ್ನ ಕೋಣೆ ಯಾವ ಅಂತಸ್ತಿನಲ್ಲಿದೆ, ಮೇಲೆ ಕೆಳಗೆ ಏನಿದೆ ಎಂದು ನೋಡಿಕೊಳ್ಳಬೇಕು; ನೃತ್ಯಶಾಲೆಯ ಕೆಳಗಿನ ದುಬಾರಿ ಕೋಣೆಯಲ್ಲಿ ನಿದ್ದೆ ಬರುವುದಿಲ್ಲ.

ಹಳೆಯ ಉಗಿಹಡಗುಗಳ ಮೊದಲ, ಎರಡನೆಯ, ಮೂರನೆಯ ದರ್ಜೆಗಳು ಕ್ರೂಸಿನ ಕಾಲಕ್ಕೆ ಅಳಿದವು ಎನ್ನುವಷ್ಟರಲ್ಲಿ ಬೇರೆ ರೂಪದಲ್ಲಿ ಮರಳಿದವು. 2008ರಲ್ಲಿ ‘ಎಂಎಸ್‌ಸಿ ಫ್ಯಾಂಟಾಸಿಯಾ’ ಹಡಗಿನಲ್ಲಿ ಶುರುವಾದ ‘ಯಾಟ್ ಕ್ಲಬ್’ನಂಥ ವಿಭಾಗಗಳಿಗೆ ಬೇರೆಯೇ ಊಟದ ಮನೆ, ಬೇರೆಯೇ ಈಜುಕೊಳ. ಒಂದೇ ಹಡಗಿನಲ್ಲಿದ್ದು ಪಂಕ್ತಿಭೇದ ಮಾಡುವ ಈ ಏರ್ಪಾಡು ದಾಸೋಹದ ಪರಂಪರೆ ಕಂಡ ಕನ್ನಡಿಗರಿಗೆ ಪ್ರಶ್ನೆಯಾಗಿ ಕಾಣಲೇಬೇಕು. ಪತಂಜಲಿ ಸಂತೋಷವನ್ನು ನಿಯಮಗಳಲ್ಲಿ ಒಂದಾಗಿ ಎಣಿಸಿದರು, ಎಂದರೆ ಅದು ಅಭ್ಯಾಸ ಮಾಡಿ ಗಳಿಸಬೇಕಾದದ್ದು. ಕಿಟಕಿಯ ಕೋಣೆ ಸಿಕ್ಕ ಕೂಡಲೇ ಬಾಲ್ಕನಿಯ ಬಯಕೆ ಹುಟ್ಟುವಲ್ಲಿ ಆ ಅಭ್ಯಾಸಕ್ಕೆ ಒಳ್ಳೆಯ ಅವಕಾಶವಿದೆ. ದೇಹದ ಅಗತ್ಯಕ್ಕೆ ಅಪ್‌ಗ್ರೇಡ್ ಮಾಡಿಸಿಕೊಳ್ಳುವುದು ವಿವೇಕ. ಪಕ್ಕದವರ ಕೋಣೆ ನೋಡಿ ಮಾಡಿಸಿಕೊಂಡರೆ ಆ ತೃಷ್ಣೆ ಮುಂದಿನ ಯಾನಕ್ಕೂ ಜೊತೆಗೆ ಬರುತ್ತದೆ.

ಉಳಿದ ಅನ್ನ, ದುಡಿಯುವ ಕೈ

ಅನ್ನವನ್ನು ನಿಂದಿಸಬಾರದು, ಅದನ್ನು ತಳ್ಳಿಹಾಕಬಾರದು ಎಂಬುದನ್ನು ತೈತ್ತಿರೀಯೋಪನಿಷತ್ತು ವ್ರತವೆಂದೇ ವಿಧಿಸುತ್ತದೆ. ಬಫೆಯಲ್ಲಿ ಎಷ್ಟು ಬಡಿಸಿಕೊಂಡರೂ ಹೆಚ್ಚು ಹಣ ಕೊಡಬೇಕಿಲ್ಲವಾದ್ದರಿಂದ ಈ ವ್ರತ ಅಲ್ಲೇ ಮೊದಲು ಮುರಿಯುತ್ತದೆ. ತಟ್ಟೆಯಲ್ಲಿ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆಂಬುದೂ ಗೊತ್ತಿರಬೇಕು. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 25 ಮಿಲಿಮೀಟರಿಗಿಂತ ಸಣ್ಣದಾಗಿ ಅರೆದ ಆಹಾರತ್ಯಾಜ್ಯವನ್ನು ದಡದಿಂದ 3 ನಾಟಿಕಲ್ ಮೈಲಿ ದಾಟಿದ ಮೇಲೆ, ಅರೆಯದ್ದನ್ನು 12 ಮೈಲಿ ದಾಟಿದ ಮೇಲೆ ಕಡಲಿಗೆ ಬಿಡಬಹುದು. ವಿಶೇಷ ರಕ್ಷಣೆಯ ಕಡಲುಗಳಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು. ಮೊದಲ ಸುತ್ತಿನಲ್ಲಿ ಬಟ್ಟಲಿಗೊಂದು ಚಮಚದಂತೆ ರುಚಿ ನೋಡಿ, ಬೇಕಾದದ್ದನ್ನಷ್ಟೇ ಎರಡನೆಯ ಸಲ ತಂದುಕೊಂಡರೆ ವ್ರತವೂ ಉಳಿಯುತ್ತದೆ, ಹೊಟ್ಟೆಯೂ.

ಆ ಅನ್ನದ ಹಿಂದಿರುವವರಲ್ಲಿ ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತದವರು ಬಹಳ. ಗೋವಾ ಮತ್ತು ಮಂಗಳೂರು ಕಡೆಯ ಹುಡುಗರೂ ಹಲವರು ತಿಂಗಳುಗಟ್ಟಲೆ ಮನೆ ಬಿಟ್ಟು ಹಡಗಿನ ಕಿಚನ್ನಿನಲ್ಲಿ ದುಡಿಯುತ್ತಾರೆ. 2006ರಲ್ಲಿ ರೂಪುಗೊಂಡು 2013ರಲ್ಲಿ ಜಾರಿಗೆ ಬಂದ ಕಡಲ ಕಾರ್ಮಿಕ ಒಪ್ಪಂದ ಅವರಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕೆನ್ನುತ್ತದೆ. ಎಂದರೆ ದಿನವೊಂದರಲ್ಲಿ 14 ಗಂಟೆ ದುಡಿಸಿದರೂ ಅದು ಕಾನೂನಿನೊಳಗೇ ಇರಬಹುದು. ಹಲವು ಕಂಪನಿಗಳು ಸೇವಾಭಕ್ಷೀಸನ್ನು ದಿನದ ಲೆಕ್ಕದಲ್ಲಿ ಬಿಲ್ಲಿಗೇ ಸೇರಿಸುತ್ತವೆ. ಕಡಿಮೆ ಮಾಡಿಸಿಕೊಳ್ಳಲು ಕೆಲವು ಕಡೆ ಅವಕಾಶವಿದ್ದರೂ ಅದನ್ನು ಉಳಿತಾಯದ ಉಪಾಯವೆಂದು ಹೇಳಿಕೊಡುವುದು ಅಧರ್ಮ. ಬಡಿಸಿದವರ ಹೆಸರು ಕೇಳಿ ತಿಳಿದುಕೊಳ್ಳುವುದು, ಅವರ ಕೆಲಸದ ಬಗ್ಗೆ ಹಡಗಿನ ಕಚೇರಿಯಲ್ಲಿ ನಾಲ್ಕು ಒಳ್ಳೆಯ ಮಾತು ಬರೆದು ಬರುವುದು ಖರ್ಚಿಲ್ಲದ ಕರ್ತವ್ಯಗಳು. ಅಂಥ ಮಾತು ಅವರ ಮುಂದಿನ ಕಾಂಟ್ರಾಕ್ಟಿಗೆ ನೆರವಾದೀತು.

ಸಮುದ್ರಯಾನ ಪಾಪವೇ ಎಂಬ ಪ್ರಶ್ನೆ ಗೃಹಸ್ಥರ ಮಟ್ಟಿಗೆ ತೀರಿದೆ. ಎಷ್ಟು ಉಣ್ಣಬೇಕು, ಎಷ್ಟಕ್ಕೆ ತೃಪ್ತಿಪಡಬೇಕು, ಉಣಿಸಿದವರಿಗೆ ಏನು ಸಲ್ಲಬೇಕು ಎಂಬ ಮೂರು ಪ್ರಶ್ನೆಗಳು ಮಾತ್ರ ಉಳಿದಿವೆ, ಅವುಗಳಿಗೆ ಉತ್ತರ ಕೊಡಬೇಕಾದವನು ಪ್ರಯಾಣಿಕನೇ.