ದೋಣಿ ವಾಲಿದ ಗಳಿಗೆ

2009ರ ಸೆಪ್ಟೆಂಬರ್ 30ರ ಸಂಜೆ ಕೇರಳದ ತೇಕ್ಕಡಿಯಲ್ಲಿ ‘ಜಲಕನ್ಯಕ’ ಎಂಬ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. ದಡದಲ್ಲಿ ಕಾಡುಪ್ರಾಣಿ ಕಂಡಿತೆಂದು ಜನ ಎದ್ದು ಒಂದೇ ಬದಿಗೆ ಸರಿದಿದ್ದರು. ದೋಣಿಯ ತಯಾರಿಯ ಬಗ್ಗೆಯೂ ಆಮೇಲೆ ಪ್ರಶ್ನೆಗಳೆದ್ದವು. ಆದರೂ ದೋಣಿ ಹತ್ತುವ ನಾವು ಮರೆಯಬಾರದ್ದು ಆ ಒಂದು ಸರಿದಾಟವನ್ನು. ಪ್ರವಾಸಿ ದೋಣಿಯಲ್ಲಿ ತಾನಾಗಿ ಎದ್ದು ಓಡಾಡುವ ಭಾರವೆಂದರೆ ನಾವೇ. ಎಲ್ಲರೂ ಎದ್ದು ನಿಂತರೆ ಭಾರವೆಲ್ಲ ಮೇಲಕ್ಕೇರುತ್ತದೆ. ಸಣ್ಣ ಅಲೆಗೂ ದೋಣಿ ಹೊಯ್ದಾಡುತ್ತದೆ. ಒಂದು ಬದಿಗೆ ವಾಲಿತೆಂದು ಗಾಬರಿಯಿಂದ ಇನ್ನೊಂದು ಬದಿಗೆ ನುಗ್ಗಿದರೆ ಹೊಯ್ದಾಟ ಇನ್ನೂ ಹೆಚ್ಚು. ಕೂತಲ್ಲೇ ಬಗ್ಗಿ, ಗಟ್ಟಿಯಾದ ಏನನ್ನಾದರೂ ಹಿಡಿದು, ದೋಣಿ ನಡೆಸುವವನ ಮಾತಿಗೆ ಕಿವಿಗೊಡಬೇಕು. ಫೋಟೊ, ವಿಡಿಯೊ ಆಗ ಬೇಡವೇ ಬೇಡ.

ನಮ್ಮ ಕಾರವಾರದ ನೆನಪೂ ಹಳೆಯದಾಗಿಲ್ಲ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದವರ ದೋಣಿ ಸಮುದ್ರದಲ್ಲಿ ಮಗುಚಿತು. 16 ಜೀವಗಳು ಹೋದವು. ದೇವರ ದರ್ಶನಕ್ಕೆ ಮಕ್ಕಳುಮರಿ ಕಟ್ಟಿಕೊಂಡು ಹೋದವರು ಅವರು. ಅದನ್ನು ನೆನೆದಾಗಲೆಲ್ಲ, ತುಂಬಿದ ದೋಣಿಗೆ ‘ಇನ್ನಿಬ್ಬರು ಬನ್ನಿ’ ಎಂದು ಕರೆಯುವುದನ್ನೂ ನಾವು ಹತ್ತುವುದನ್ನೂ ಕಂಡು ಸಂಕಟವಾಗುತ್ತದೆ.

ಲೈಫ್ ಜಾಕೆಟ್ ಸೀಟಿನ ಕೆಳಗಿದ್ದರೆ ಏನೂ ಪ್ರಯೋಜನವಿಲ್ಲ. ದೋಣಿ ಮಗುಚಲು ಕೆಲವು ಕ್ಷಣ ಸಾಕು. ನೀರಲ್ಲಿ ಕೈಕಾಲು ಬಡಿಯುತ್ತ ಅದನ್ನು ತೊಡುವುದು ಈಜು ಬಲ್ಲವರಿಗೂ ಕಷ್ಟ. ಧಕ್ಕೆಯಲ್ಲೇ ತೊಟ್ಟು, ಬಕಲ್‌ಗಳನ್ನೆಲ್ಲ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ. ಜೊತೆಯಲ್ಲಿರುವವರಿಗೆ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಲು ಹೇಳಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ಸಡಿಲ. ದೊಡ್ಡವರ ಜಾಕೆಟ್ ಹಾಕಿಕೊಂಡ ಮಗು ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಕೆಳಗಿನಿಂದ ಜಾರಿಹೋಗಬಹುದು. ಮಕ್ಕಳ ಅಳತೆಯದು ಇಲ್ಲವೆಂದರೆ ಆ ದೋಣಿಯನ್ನು ಬಿಡಿ, ಟಿಕೆಟಿನ ದುಡ್ಡು ಹೋದರೂ ಸರಿ.

ಮುಚ್ಚಿದ ಕೆಳ ಅಂತಸ್ತಿನಲ್ಲಿ ಕೂರುವುದಾದರೆ ಬಾಗಿಲಿನ ಹತ್ತಿರ ಕೂರಿ, ಕಿಟಕಿ ತೆರೆಯುತ್ತದೆಯೇ ನೋಡಿಕೊಳ್ಳಿ. ಅಲ್ಲಿ ನೀರು ನುಗ್ಗಿದರೆ ಜಾಕೆಟ್ ನಮ್ಮನ್ನು ಚಾವಣಿಗೇ ಒತ್ತಿ ಹಿಡಿಯುತ್ತದೆ, ಮುಳುಗಿ ಹೊರಬರಲು ಬಿಡುವುದಿಲ್ಲ. ಹೀಗಾಗಿ ತೆರೆದ ಜಾಗ ಸಿಕ್ಕರೆ ಅಲ್ಲೇ ಕೂರುವುದು ಮೇಲು.

ನೀರಿಗೆ ಬಿದ್ದ ಮೇಲೆ ದಡ ಹತ್ತಿರವೇ ಇದ್ದಂತೆ ಕಾಣುತ್ತದೆ. ಅದನ್ನು ನಂಬಿ ಈಜಲು ಹೊರಟು ಸೋತುಹೋದವರಿದ್ದಾರೆ. ಮಗುಚಿದ ದೋಣಿ ತೇಲುತ್ತಿದ್ದರೆ ಅದನ್ನೇ ಹಿಡಿದಿರಿ. ರಕ್ಷಣೆಗೆ ಬರುವವರ ಕಣ್ಣಿಗೆ ಒಂಟಿ ತಲೆಗಿಂತ ದೋಣಿ ಬೇಗ ಬೀಳುತ್ತದೆ. ದೋಣಿಯೂ ಮುಳುಗಿದರೆ ಒಬ್ಬರನ್ನೊಬ್ಬರು ತೋಳು ಹೆಣೆದು ಹಿಡಿದು, ಮಕ್ಕಳನ್ನು ನಡುವೆ ಇಟ್ಟುಕೊಳ್ಳಿ.